ಸದಸ್ಯೆ ನಂಬರು ನಲವತ್ತೇಳು

ಬೆಳಿಗ್ಗೆ ಆರೂಕಾಲಿಗೆ ಮಹಿಳಾ ಡೈರಿಯ ಷಟರ್ ಎತ್ತುತ್ತೇನೆ.
ಕ್ಯಾನುಗಳು, ತೂಕದ ಯಂತ್ರ, ಫ್ಯಾಟು ನೋಡುವ ಡಬ್ಬಿ,
ರಾತ್ರಿಯೆಲ್ಲ ಅದರ ಬಿಸಿಗೆ ಒರಗಿದ್ದ ಹಲ್ಲಿ.
ಎಂಟು ವರ್ಷದಿಂದ ಈ ಊರಿನ ಹಾಲು
ನನ್ನ ಕಣ್ಣ ಮುಂದೆ ಹಾದು ಹೋಗಿದೆ.
ಯಾರು ನೀರು ಬೆರೆಸುತ್ತಾರೆ,
ಯಾರು ಹಬ್ಬದ ಹಿಂದಿನ ದಿನ ಕೆನೆ ತೆಗೆದಿಡುತ್ತಾರೆ,
ಗೊತ್ತು. ಹೇಳುವುದಿಲ್ಲ.
ಯಂತ್ರ ತೋರಿಸುತ್ತದೆ, ನಾನು ಬರೆಯುತ್ತೇನೆ.

ನಲವತ್ತೇಳು ಅಮ್ಮನ ನಂಬರು.

ಅಮ್ಮ ಲೆಕ್ಕಕ್ಕೆ ಕನ್ನಡ ಇಟ್ಟುಕೊಂಡಿದ್ದಾಳೆ, ಸಿಟ್ಟಿಗೆ ತೆಲುಗು.
ನನಗೆ ಬೇಕಿದ್ದ ಮಾತು ಎರಡರಲ್ಲೂ ಸಿಗಲಿಲ್ಲ.
ಕೊನೆಗೊಂದು ರಾತ್ರಿ ಅವಳು ಕೋಲು ಹಿಡಿದು ಹಿಟ್ಟು ತಿರುವುತ್ತಿದ್ದಾಗ,
ಕೈ ಬಿಡುವಿಲ್ಲದ ಹೊತ್ತು ನೋಡಿ, ಹೇಳಿದೆ:
ಕೈವಾರದ ಗಂಡು ಬೇಡ ಅಂದೆನಲ್ಲ,
ಯಾವ ಊರಿನ ಗಂಡೂ ಬೇಡ ಕಣಮ್ಮ.
ನಾಗವೇಣಿ ಇದ್ದಾಳಲ್ಲ, ರೋಣೂರು ಕ್ರಾಸಿನ ನರ್ಸರಿಯವಳು,
ಅವಳ ಜೊತೆ ಇರುತ್ತೇನೆ.
ಸ್ನೇಹಿತೆ ಅಂತಲ್ಲ.

ಆ ಕೊನೆಯ ಎರಡು ಪದಕ್ಕೆ ಮೂವತ್ತೊಂದು ವರ್ಷ ಹಿಡಿದಿತ್ತು.

ಕೋಲು ನಿಲ್ಲಲಿಲ್ಲ. ಹಿಟ್ಟು ಗಂಟಾಗಬಾರದಲ್ಲ.
ಮುದ್ದೆ ಕಟ್ಟಿದಳು: ಅಪ್ಪನಿಗೆ, ತಮ್ಮನಿಗೆ, ತನಗೆ.
ನಾಲ್ಕನೆಯದನ್ನು ಒದ್ದೆ ಕೈಯಲ್ಲಿ ಹಿಡಿದು
ಸುಡುತ್ತಿದ್ದರೂ
ಎಲ್ಲಿಡಬೇಕೆಂದು ತೋಚದೆ ನಿಂತಳು.
ಆಮೇಲೆ ತೆಲುಗು ಬಂತು.

ಅಪ್ಪ ಟಿವಿಯ ಸದ್ದು ಜಾಸ್ತಿ ಮಾಡಿದ.
ಕೋಲಾರ ಮಾರ್ಕೆಟ್ಟಿನಲ್ಲಿ ಟೊಮೇಟೊ ಬಾಕ್ಸಿಗೆ ಎಷ್ಟೆಂದು
ಯಾರೋ ಓದುತ್ತಿದ್ದರು. ನಮ್ಮ ತೋಟದಲ್ಲಿ ಆ ವರ್ಷ ಟೊಮೇಟೊ ಇರಲೇ ಇಲ್ಲ.
ತಮ್ಮ ಕೇಳಿದ್ದು ಒಂದೇ:
ಇದು ಊರಿಗೆ ಗೊತ್ತಾದರೆ
ನಿನ್ನ ಕೈಗೆ ಹಾಲು ಯಾರು ತಂದು ಸುರೀತಾರೆ?

ನಾಗವೇಣಿಯ ಕೆಲಸ ಕಸಿ ಕಟ್ಟುವುದು.
ಬದನೆಯ ಬೇರಿಗೆ ಟೊಮೇಟೊ ಕುಡಿ ಕೂರಿಸಿ ಕ್ಲಿಪ್ಪು ಹಾಕುತ್ತಾಳೆ,
ದಿನಕ್ಕೆ ಸಾವಿರ ಸಸಿ.
ಉಗುರ ಸಂದಿಯ ಹಸಿರು ಯಾವ ಸೋಪಿಗೂ ಹೋಗುವುದಿಲ್ಲ.
ಆ ಹಸಿರು ಒಮ್ಮೆ ನನ್ನ ರವಿಕೆಯ ಬೆನ್ನಿಗೆ ಹತ್ತಿತ್ತು.
ಅಮ್ಮನೇ ತಿಕ್ಕಿ ಒಗೆದಿದ್ದಳು,
ಇದು ಯಾವ ಸೊಪ್ಪಿನ ಕರೆಯೇ ಎಂದು ಕೇಳುತ್ತ.

ಈಗ ನರ್ಸರಿಯ ಹಿಂದಿನ ಶೀಟಿನ ಮನೆ ನಮ್ಮದು.
ಹಾಲು ತರುವವರು ತರುತ್ತಲೇ ಇದ್ದಾರೆ.
ಇಬ್ಬರು ಬಿಟ್ಟರು; ಒಬ್ಬಳು ಎರಡೇ ವಾರಕ್ಕೆ ವಾಪಸು ಬಂದಳು,
ಖಾಸಗಿ ಡೈರಿಯವನು ಲೀಟರಿಗೆ ಮೂರು ರೂಪಾಯಿ ಕಮ್ಮಿ ಕೊಟ್ಟನಂತೆ.

ಅಮ್ಮ ಬರುವುದಿಲ್ಲ.
ಪಕ್ಕದ ಮನೆ ಪಿಳ್ಳಪ್ಪನ ಮೊಮ್ಮಗ ಅವಳ ಕ್ಯಾನು ತರುತ್ತಾನೆ,
ಶಾಲೆಯ ಚೀಲ ಬೆನ್ನಿಗೆ, ಹಾಲು ತುಳುಕಿಸುತ್ತ.
ಮೊದಮೊದಲು ಅವನ ಹಿಂದಿನ ರಸ್ತೆ ನೋಡುತ್ತಿದ್ದೆ.
ಒಂದು ದಿನ, ನಾಲ್ಕು ಪಾಯಿಂಟು ಎರಡಿದ್ದದ್ದನ್ನು
ನಾಲ್ಕೂವರೆ ಎಂದು ಬರೆಯಲು ಪೆನ್ನು ಹೋಯಿತು.
ಇನ್ನೊಂದು ದಿನ ಮೂರೂವರೆ ಎಂದು.
ಎರಡನ್ನೂ ಬರೆಯಲಿಲ್ಲ.
ಅವಳ ಹಾಲು ಎಷ್ಟೋ ಅಷ್ಟು.
ನಾನು ಎಷ್ಟೋ ಅಷ್ಟು.

ಕಳೆದ ತಿಂಗಳು ಹಸು ತಂದೆವು, ಕರು ಹಾಕಿದ್ದು,
ಒಂದು ಕೊಂಬು ಡೊಂಕು.
ಸದಸ್ಯತ್ವದ ಅರ್ಜಿ ತುಂಬುತ್ತ ಸೆಕ್ರೆಟರಿ ಅಶ್ವತ್ಥಮ್ಮ
ನಾಮಿನಿ, ನಾಗವೇಣಿ, ಎಂದು ಬರೆದು
ಸಂಬಂಧ ಎಂಬಲ್ಲಿ ಪೆನ್ನು ಎತ್ತಿ ಕನ್ನಡಕದ ಮೇಲಿಂದ ನೋಡಿದಳು.
ಮನೆಯವಳು, ಅಂದೆ.
ಬಾಯಿಗೆ ತಾನೇ ಬಂದ ಮಾತು.
ಎಲ್ಲ ಗಂಡಸರೂ ದಿನಾ ಆಡುವ ಮಾತು,
ಇಷ್ಟು ದಿನ ಎಲ್ಲಿತ್ತೋ.
ಅಶ್ವತ್ಥಮ್ಮ ಒಂದು ಗಳಿಗೆ ಸುಮ್ಮನಿದ್ದು
ಯ ಒತ್ತೋ ಬಿಡಿಯೋ ಎಂದಳು.
ಬಿಡಿ, ಅಂದೆ.

ಸಾಲಿನಲ್ಲಿ ಮುಂದಿದ್ದದ್ದು ಪಿಳ್ಳಪ್ಪನ ಮೊಮ್ಮಗ.
ನಲವತ್ತೇಳು.
ಆರು ಲೀಟರು ಮುನ್ನೂರು. ಫ್ಯಾಟು ನಾಲ್ಕು ಪಾಯಿಂಟು ಒಂದು.
ಚೀಟಿ ಹರಿದು ಕೊಟ್ಟೆ:
ಜೇಬಿನಲ್ಲಿಡು, ಒದ್ದೆ ಮಾಡಬೇಡ,
ಹಿಂಡಿ ಬದಲಾಯಿಸಿದ್ದೀರಾ ಅಂತ ಕೇಳು.