ನಲವತ್ತು ದಿನದ ಎಣ್ಣೆ

ವಸ್ತುಪ್ರದರ್ಶನದ ಮೈದಾನದಲ್ಲಿ ತೋಪು ಹಾರಿಸುತ್ತಿದ್ದಾರೆ.
ನವರಾತ್ರಿಗೆ ಇನ್ನೂ ಹದಿನೈದು ದಿನ.
ಆನೆಗಳಿಗೆ ರೂಢಿಯಾಗಲಿ ಅಂತ, ಕುದುರೆಗಳಿಗೂ.
ಮೊದಲ ಸದ್ದಿಗೇ ನನ್ನ ಮಗ ಗಾಡಿಯಡಿ ನುಗ್ಗಿ
ಬಾಟಲಿ ಡಬ್ಬಗಳ ನಡುವೆ ಬಾಯಿ ತೆರೆದು ಮಲಗಿದ.
ಬಾಯಿ ತೆರೆದಿರಬೇಕು, ಇಲ್ಲದಿದ್ದರೆ ಕಿವಿ ಒಡೆಯುತ್ತೆ.
ಅದು ಅವನಿಗೆ ಶಾಲೆಯಲ್ಲಿ ಕಲಿಸಿದ್ದಲ್ಲ.

ಎಣ್ಣೆಗೆ ನಿಂತಿದ್ದ ಹೆಂಗಸು ನಕ್ಕರು,
'ದಸರಾ ಕಣೋ ಪುಟ್ಟ, ಹೆದರ್ತಾರಾ?'
ಅವರ ಕೂದಲು ತೆಳ್ಳಗೆ, ಬೈತಲೆ ಅಗಲ.
ನಲವತ್ತು ದಿನ ಹಚ್ಚಿ, ಅಂದೆ.
ಅಂದವಳು ಅಲ್ಲೇ ನಿಂತುಬಿಟ್ಟೆ.

ನಾವು ಪಕ್ಷಿರಾಜಪುರದವರು, ಹುಣಸೂರಿನ ಕಡೆ.
ಅಜ್ಜ ಬಲೆ ಬೀಸಿ ಗೌಜಲಕ್ಕಿ ಹಿಡಿಯುತ್ತಿದ್ದ.
ಕಾಡು ಸರ್ಕಾರದ್ದಾಯಿತು, ನಾವು ಎಣ್ಣೆಗೆ ಬಂದೆವು.
ಎಣ್ಣೆ ನಮ್ಮನ್ನು ಸುಡಾನಿನ ತನಕ ಒಯ್ದಿತು.
ಕೂದಲು ಉದುರದ ದೇಶ ಯಾವುದಿದೆ ಹೇಳಿ.

ನನ್ನ ಭಾವನ ಹೆಸರು ಮಿಲ್ಟ್ರಿ.
ಅವನು ಹುಟ್ಟಿದ ದಿನ ಊರ ಮುಂದೆ
ಸೈನ್ಯದ ಲಾರಿ ಕೆಟ್ಟು ನಿಂತಿತ್ತಂತೆ,
ಸಿಪಾಯಿಗಳು ಬಾಣಂತಿಗೆ ಬೆಲ್ಲ ಕೊಟ್ಟರಂತೆ.
ಅಷ್ಟಕ್ಕೇ ಇಟ್ಟ ಹೆಸರು. ನಮ್ಮಲ್ಲಿ ಹಾಗೆ.
ಆ ಹೆಸರನ್ನು ಪಾಸ್‌ಪೋರ್ಟಿನಲ್ಲಿ ಹೊತ್ತು
ಎರಡು ಸೈನ್ಯಗಳ ನಡುವೆ ನೀರಿಗೆ ಹೋಗುತ್ತಿದ್ದ.

ಎರಡು ಅಂದೆನಲ್ಲ, ಗುರುತು ಹಿಡಿಯೋದು ಕಷ್ಟ.
ಎರಡು ಕಡೆಯೂ ಅದೇ ಬೈಗುಳ, ಅದೇ ದೇವರಾಣೆ.
ಮನೆಯೊಡತಿ ಹಲೀಮಾಳ ಮಗ ಒಂದು ಕಡೆ,
ಅವಳ ತಂಗಿಯ ಮಗ ಇನ್ನೊಂದು ಕಡೆ.
ಇಬ್ಬರ ಪಾಲಿನ ರೊಟ್ಟಿಯನ್ನೂ ಸುಟ್ಟು ಮುಚ್ಚಿಟ್ಟು
ಬಾಗಿಲು ನೋಡುತ್ತಾ ಕೂರೋಳು.
ರಾತ್ರಿ ಆ ಎರಡೂ ಪಾಲನ್ನು ನಾವೇ ತಿಂದೆವು,
ಹಸಿವು, ನಾಚಿಕೆ ಅಂತ ಬೇರೆ ಬೇರೆ ಇರಲಿಲ್ಲ.

ಹನ್ನೊಂದನೇ ದಿನ ಹಿಂಬಾಗಿಲು ತಟ್ಟಿದವನು ಹುಡುಗ.
ಮೀಸೆ ಇನ್ನೂ ಬಂದಿರಲಿಲ್ಲ, ಬಂದೂಕು ಬಂದಿತ್ತು.
ಆರು ಜನ ಗೋಡೆಗೆ ಒತ್ತಿ ನಿಂತೆವು.
ಮಿಲ್ಟ್ರಿ ಪಾಸ್‌ಪೋರ್ಟ್ ಚಾಚಿದ.
ಹುಡುಗ ಹೆಸರು ಓದಿದ. ಮತ್ತೆ ಓದಿದ.
ಬೆರಳನ್ನು ಭಾವನ ಎದೆಗೆ ಒತ್ತಿ ಕೇಳಿದ: ಮಿಲ್ಟ್ರಿ?
ಭಾವ ತಲೆ ಅಲ್ಲಾಡಿಸಿದ, ಹೌದೋ ಅಲ್ಲವೋ
ಅವನಿಗೇ ಗೊತ್ತಿರಲಿಲ್ಲ.
ಹುಡುಗನಿಗೆ ನಗು ಬಂತು,
ನಗುತ್ತಲೇ ಬಂದೂಕನ್ನು ನನ್ನ ಎಣ್ಣೆ ಡ್ರಮ್ಮಿಗೆ ಒರಗಿಸಿದ.

ಕೇಳಿದ್ದು ಎಣ್ಣೆ. ತಾಯಿಗೆ.
ಗುಂಡು ಶುರುವಾದಾಗಿಂದ ಹಿಡಿ ಹಿಡಿ ಉದುರುತ್ತಿದೆಯಂತೆ,
ಕೈಯಲ್ಲೇ ಮಾಡಿ ತೋರಿಸಿದ: ತಲೆ, ಬಾಚಣಿಗೆ, ನೆಲ.
ನಾನು ಬೆರಳು ಮಡಿಸಿ ಮಡಿಸಿ ಲೆಕ್ಕ ಹೇಳಿದೆ,
ನಲವತ್ತು ದಿನ, ಬಿಡದೆ, ಮಲಗುವ ಮುಂಚೆ.
ವ್ಯಾಪಾರದ ಬಾಯಿ, ತಡೆಯುವುದು ಹೇಗೆ?
ನಲವತ್ತು? ಅಂದ, ಅವನ ಭಾಷೆಯಲ್ಲಿ.
ಮರಳಿಗೆ ಬಿದ್ದ ನೀರಿನ ಹಾಗೆ ಅವನ ನಗು ಇಂಗಿತು.
ಬಾಟಲಿಯನ್ನು ಗುಂಡಿನ ಚೀಲಕ್ಕೆ ಹಾಕಿಕೊಂಡ,
ದುಡ್ಡಿಲ್ಲವೆಂದು ಅರ್ಧ ಕ್ಯಾನು ನೀರು ಬಿಟ್ಟು ಹೋದ.

ಆ ನೀರಲ್ಲಿ ಮೂರು ದಿನ ಬದುಕಿದೆವು.
ಯಾವ ಕಡೆಯವನು ಅಂತ ನಾವು ಕೇಳಲಿಲ್ಲ.
ಹಲೀಮಾ ಕೇಳಿದಳು, ಆಮೇಲೆ, ಪಾತ್ರೆ ಉಜ್ಜುತ್ತಾ:
ಕಿವಿಯ ಹಿಂದೆ ಮಚ್ಚೆ ಇತ್ತಾ?
ಅವಳ ಮಗನಾಗಿದ್ದರೆ ಒಳಗೆ ಬಂದು ಅಮ್ಮಾ ಅನ್ನುತ್ತಿರಲಿಲ್ಲವೇ.
ಅದು ಅವಳಿಗೂ ಗೊತ್ತು. ಆದರೂ ಕೇಳಿದಳು.
ನಾನು ನೋಡಿರಲಿಲ್ಲ. ನೋಡಬೇಕಿತ್ತು.

ಆಮೇಲೆ ಬಸ್ಸು, ಹಡಗು, ವಿಮಾನ, ಹೂವಿನ ಹಾರ, ಫೋಟೊ.
ನಲವತ್ತನೇ ದಿನ ನಾನು ಹುಣಸೂರಿನಲ್ಲಿ
ರೇಷನ್ ಸಾಲಿನಲ್ಲಿ ನಿಂತಿದ್ದೆ.
ಯಾರಿಗೂ ಹೇಳಲಿಲ್ಲ.

ಎರಡನೇ ತೋಪು.
ಎಳೆಯ ಆನೆಯೊಂದು ಸರಪಳಿ ಜಗ್ಗಿ ಹಿಂದೆ ಹಿಂದೆ ಸರಿಯಿತು.
ಮಾವುತ ಅದರ ಕಿವಿಗೆ ಏನೋ ಹೇಳುತ್ತಿದ್ದಾನೆ.
'ಇನ್ನೊಂದೆರಡು ಸಲ, ಆಮೇಲೆ ಸರಿಹೋಗುತ್ತೆ,'
ಬ್ಯಾರಿಕೇಡಿನ ಪೊಲೀಸು ಯಾರಿಗೋ ಅಂದ.
ಪರ್ಸಿನಲ್ಲಿ ಚಿಲ್ಲರೆ ಹುಡುಕುತ್ತಾ ಹೆಂಗಸು ಕೇಳುತ್ತಾರೆ,
'ನಲವತ್ತು ದಿನ, ಗ್ಯಾರಂಟಿನಾ?'

ಗಾಡಿಯ ಕೆಳಗೆ ಮಗನ ಕಾಲು ಕಾಣುತ್ತಿದೆ,
ಒಂದು ಚಪ್ಪಲಿ ಇಲ್ಲ.
ನಾನು ಬಾಟಲಿಯ ಮುಚ್ಚಳ ಬಿಗಿ ಮಾಡುತ್ತೇನೆ.
ಇನ್ನಷ್ಟು ಬಿಗಿ.