ಹಲ್ಲಿಗೆ ಸಿಕ್ಕದ ಸುರುಳಿ

ಚಿಯಾತುರಾದ ಕಣಿವೆಯಲ್ಲಿ
ಕಬ್ಬಿಣದ ಡಬ್ಬಿಯೊಂದು ತಂತಿ ಹಿಡಿದು ಗುಡ್ಡ ಹತ್ತುತ್ತದೆ.
ಅದರೊಳಗೆ ನಿಂತು ಹತ್ತಿಸುವವಳು, ಇಳಿಸುವವಳು ನಾನು.
ಹೆಸರು ನಾಜಿಬ್ರೋಲಾ. ಹತ್ತೊಂಬತ್ತು ವರ್ಷದ ನೌಕರಿ.
ಗಂಟೆ ಬಾರಿಸು, ಸನ್ನೆಗೋಲು ಎಳೆ, ಆರು ನಿಮಿಷ ಕಾಯಿ.
ಮತ್ತೆ ಗಂಟೆ.

ಕ್ಯಾಮೆರಾ ನನ್ನದಾಗಿರಲಿಲ್ಲ.
ಗಣಿಯ ಲೆಕ್ಕ ಬರೆಯುತ್ತಿದ್ದ ವಾಝಾ ಊರು ಬಿಡುವಾಗ
ಒಂದು ಇಸ್ತ್ರಿಪೆಟ್ಟಿಗೆ, ಎರಡು ಬಾಣಲೆ, ಜೊತೆಗೆ ಇದನ್ನೂ
ಗುಜರಿಗೆ ಹಾಕಿದ ಹಾಗೆ ನನ್ನ ಬಾಗಿಲಲ್ಲಿ ಇಟ್ಟುಹೋದ.
ಒಂದು ಸುರುಳಿ ಫಿಲ್ಮಿಗೆ ಎರಡು ದಿನದ ರೊಟ್ಟಿಯ ದುಡ್ಡು.
ಮೂವತ್ತಾರು ಚಿತ್ರ. ನಾನೋ ಜಿಪುಣಿ:
ದಿನಕ್ಕೊಂದೇ ಎಂದು ನಿಯಮ ಮಾಡಿಕೊಂಡೆ.

ಮೊದಲ ವಾರ ಗುಡ್ಡ, ಮೋಡ, ಗುಡ್ಡ,
ಕ್ಯಾಲೆಂಡರಿನಲ್ಲಿ ಇರುವಂಥವೇ.
ಎಂಟನೆಯ ದಿನದ್ದನ್ನು ಬೆಳಿಗ್ಗೆಯೇ ಮುಗಿಸಿಬಿಟ್ಟೆ.
ಮಧ್ಯಾಹ್ನ ಹತ್ತಿದಳು ಒಬ್ಬ ಮದುವಣಗಿತ್ತಿ,
ಮ್ಯಾಂಗನೀಸ್ ಧೂಳು ತಾಗದ ಹಾಗೆ ಬಿಳಿ ಲಂಗ ಮೇಲೆತ್ತಿ,
ಕಂಕುಳಲ್ಲಿ ಜೋಡು ಇಟ್ಟುಕೊಂಡು.
ಕೈ ಜೇಬಿಗೆ ಹೋಯಿತು. ನಿಯಮ ನೆನಪಾಯಿತು.
ಆರು ನಿಮಿಷ ಸುಮ್ಮನೆ ನೋಡಿದೆ.
ಅಷ್ಟು ಹೊತ್ತು ಒಬ್ಬರನ್ನು ನೋಡಿ ಎಷ್ಟು ಕಾಲವಾಗಿತ್ತೋ.

ಆಮೇಲೆ ಅವಸರ ಇಳಿಯಿತು.
ಸಂಜೆಯವರೆಗೂ ಆ ದಿನದ ಚಿತ್ರವನ್ನು ಖರ್ಚು ಮಾಡದೆ
ದವಡೆಯಲ್ಲಿಟ್ಟ ಕಲ್ಲುಸಕ್ಕರೆಯ ಹಾಗೆ ಉಳಿಸಿಕೊಳ್ಳುತ್ತಿದ್ದೆ.
ಉಳಿದಿರುವಷ್ಟು ಹೊತ್ತೂ ಕಣ್ಣಿಗೆ ಕೆಲಸ.
ಕಿಟಕಿಯ ಗಾಜಿನ ಬಿರುಕು ಹತ್ತು ಗಂಟೆಗೆ ಹೊತ್ತಿಕೊಳ್ಳುತ್ತದೆ,
ಹತ್ತೂಕಾಲಿಗೆ ಆರುತ್ತದೆ.
ಹತ್ತೊಂಬತ್ತು ವರ್ಷ ಯಾರೂ ಹೇಳಿರಲಿಲ್ಲ.
ಪಾಳಿ ಮುಗಿಸಿದ ಗಣಿಯವರು ಬಲಗಡೆಗೇ ಒರಗುತ್ತಾರೆ;
ಅಲ್ಲಿ ಭುಜದೆತ್ತರಕ್ಕೆ ಬಣ್ಣ ಸವೆದಿದೆ.
ಕ್ವಿರಿಲಾ ಹೊಳೆ ಕಪ್ಪು ಅನ್ನುತ್ತಾರೆ ಎಲ್ಲರೂ.
ಮಂಗಳವಾರ ಅದು ಕಂದು, ರಾಗಿಹಿಟ್ಟು ಕದಡಿದ ನೀರು.

ಹದಿನೇಳನೆಯದು ತ್ಸಿಯುರಿಯ ಹೆಬ್ಬಾತು:
ಬುಟ್ಟಿಯಿಂದ ಕತ್ತು ಹೊರಗೆ,
ಪ್ರಪಾತವನ್ನು ಒಂದೇ ಕಣ್ಣಲ್ಲಿ ಅಳೆಯುತ್ತ.
ಇಪ್ಪತ್ತಮೂರು ನನ್ನದೇ ಕೈ, ಸನ್ನೆಗೋಲಿನ ಮೇಲೆ.
ಅಮ್ಮನ ಕೈ ಅದು. ಯಾವಾಗ ಬಂತೋ.
ಮೂವತ್ತರಲ್ಲಿ ಬರೀ ಮಂಜು, ಮಂಜಿನೊಳಗೆ ಯಾರದೋ ಕೆಮ್ಮು.
ಕೆಮ್ಮು ಚಿತ್ರದಲ್ಲಿ ಬೀಳುವುದಿಲ್ಲ, ಗೊತ್ತು. ಆದರೂ.

ಮೂವತ್ತೇಳನೆಯ ದಿನ ಓತಿಯಾನ ಅಂಗಡಿಗೆ ಒಯ್ದೆ.
ಕತ್ತಲೆ ಕೋಣೆಯಿಂದ ಆತ ಬಂದಾಗ ಕೈಯಲ್ಲಿ
ಉದ್ದನೆಯ ಪಟ್ಟಿ, ನೊಣ ಕೂತ ಗುರುತೂ ಇಲ್ಲದಷ್ಟು ಚೊಕ್ಕ.
"ಹಲ್ಲಿಗೆ ಸಿಕ್ಕೇ ಇಲ್ಲ," ಅಂದ
ಬಾಯಲ್ಲಿ ಮೂರೇ ಹಲ್ಲಿರುವ ಓತಿಯಾ.
ಒಳಗೆ ಹಲ್ಲುಚಕ್ರ ತಿರುಗಿದೆ, ಫಿಲ್ಮು ಕದಲಿಲ್ಲ;
ಮೂವತ್ತಾರು ದಿನವೂ ಡಬ್ಬಿಯೊಳಗೆ ನಿದ್ದೆ ಹೊಡೆದಿದೆ.

ಅಳು ಬರಲಿಲ್ಲ. ಸಿಟ್ಟು ಬಂತು. ರೊಟ್ಟಿಯ ದುಡ್ಡು!
ಓತಿಯಾ ಸ್ಟೂಲು ಎಳೆದು, ಚಹಾ ಬಗ್ಗಿಸಿ,
ಖಾಲಿ ಪಟ್ಟಿಯನ್ನು ಕಿಟಕಿಗೆ ಹಿಡಿದು,
ನಡುವಿನಲ್ಲೆಲ್ಲೋ ಬೆರಳಿಟ್ಟು ಕೇಳಿದ:
"ಇದು ಹದಿನೇಳು. ಏನಿತ್ತು?"
ಬಾತು, ಅಂದೆ.
"ಕತ್ತು ಯಾವ ಕಡೆ?"
ಎಡಕ್ಕೆ. ಎರಡನೆಯ ಕಂಬ ದಾಟುವಾಗ.
ಕೊಕ್ಕಿನಲ್ಲಿ ಒಂದು ಹುಲ್ಲೆಸಳು.
"ಹದಿನೆಂಟು?"

ದೀಪ ಹಚ್ಚುವ ಹೊತ್ತಿಗೆ ಕೊನೆಯದಕ್ಕೆ ಬಂದಿದ್ದೆವು.
ತಿರುಗಿ ಮೊದಲ ವಾರದ್ದು ಕೇಳಿದಾಗ ತಡವರಿಸಿದೆ.
ಯಾವ ಗುಡ್ಡ? ಎಂಥ ಮೋಡ?

ಹೊಸ ಸುರುಳಿಯನ್ನು ತಾನೇ ತೊಡಿಸಿಕೊಟ್ಟ. ಸಾಲ ಬರೆದುಕೊಂಡ.
ಎಡಗಡೆಯ ಗುಂಡಿ ತಿರುಗುತ್ತಿದೆಯೇ
ಪ್ರತಿ ಸಲ ನೋಡಿಕೋ, ಅಂದ.
ನೋಡಿಕೊಳ್ಳುತ್ತೇನೆ.

ಇವತ್ತಿನದು ಇನ್ನೂ ಬಾಕಿ.
ನಾಲ್ಕೂವರೆಯ ಸರದಿ ಹೊರಟಿದೆ.
ಹುಡುಗನೊಬ್ಬ ದಾಳಿಂಬೆ ಬಿಡಿಸುತ್ತಿದ್ದಾನೆ,
ಸಿಪ್ಪೆಯನ್ನು ಟೋಪಿಯೊಳಗೆ ಹಾಕಿಕೊಳ್ಳುತ್ತ.
ಕ್ಯಾಮೆರಾ ಜೇಬಿನಲ್ಲೇ ಇದೆ.
ಎರಡನೆಯ ಕಂಬ ಬರಲಿ.