ಎರಡು ಮುಳ್ಳು

ಸಿಂದಗಿ ನಾಕಾದಾಚೆ ನನ್ನ ಪತ್ರಾಸಿನ ಶೆಡ್ಡು.
ಮಧ್ಯಾಹ್ನ ಒಂದೂವರಿಗೆ ಪಾನಾ ಮುಟ್ಟಿದರ ಬೊಬ್ಬಿ ಏಳ್ತಾವ,
ಅದಕ್ಕ ಬಕೆಟ್ಟಿನ ನೀರಾಗ ಮುಳುಗಿಸಿ ಇಟ್ಟಿರತೀನಿ
ಹದಿನಾಲ್ಕು, ಹದಿನೇಳು, ಹತ್ತೊಂಬತ್ತು ನಂಬರಿನವು.

ಆ ಹೊತ್ತಿಗೇ ಬಂದ ಯಮನೂರಿ.
ಹನ್ನೆರಡು ಗಾಲಿ, ಹಿಂದ ಒಣದ್ರಾಕ್ಷಿ ಬಾಕ್ಸು,
ಬೆನ್ನಿಗೆ ಹಸಿ ಗೋಣಿತಟ್ಟು ಕಟಗೊಂಡು ಇಳದ.
'ಉಸ್ತಾದ, ಇದರ ಏಸಿ ಊದತೈತಿ.
ಆದರ ಊದೂದು ನಮ್ಮವ್ವ ಒಲಿ ಊದಿದಂಗ.'

ಸೋಲಾಪುರದಾಗ ಒಬ್ಬ ಗ್ಯಾಸ್ ಹಾಕಿದನಂತ, ಎರಡೂವರಿ ಸಾವಿರ.
ಹುಬ್ಬಳ್ಯಾಗ ಒಬ್ಬ ಫಿಲ್ಟರ್ ಬದಲಿಸಿದನಂತ.
ಹುನಗುಂದದಾಗ ಒಬ್ಬ ಇಂಜಿನ್ನಿಗೆ ಕಿವಿ ಹಚ್ಚಿ
'ಇದು ಹಿಂಗಽ' ಅಂದು ಚಾ ಕುಡಿಸಿ ಕಳಿಸಿದನಂತ.
ಅವನಽ ಪ್ರಾಮಾಣಿಕ, ರೊಕ್ಕ ತಗೋಲಿಲ್ಲ.

ನಾನು ಮೊದಲ ಕಂಡೆನ್ಸರಿಗೆ ನೀರು ಬಿಟ್ಟೆ.
ಜ್ವಾಳದ ಹೊಟ್ಟು ಬಂತು, ಲೋಕಾಪುರದ ಸಿಮಿಂಟು ಧೂಳು ಬಂತು,
ಒಂದು ಚಿಟ್ಟಿಯ ಅರ್ಧ ರೆಕ್ಕಿ.
ಬೆಲ್ಟು ಬಿಗಿ ಇತ್ತು. ಫ್ಯೂಜು ಬಿಸಲಿಗೆ ಹಿಡದೆ, ತಂತಿ ಜೀವಂತ.
ರಿಲೇ ಟಿಕ್ ಅಂತು, ಹಲ್ಲಿ ಲೊಚಗುಟ್ಟಿದಂಗ.

ಆಮ್ಯಾಲ ಗೇಜು ಹಚ್ಚಿದೆ.
ನೀಲಿ ಒಂದು, ಕೆಂಪು ಒಂದು.
ಒಂದು ತಗ್ಗಬೇಕು, ಒಂದು ಏರಬೇಕು.
ಗಂಡ-ಹೆಂಡಿರ ಜಗಳ ಇದು ಅಂತಿದ್ದ ನನ್ನ ಉಸ್ತಾದ,
ಒಬ್ಬರು ದನಿ ತಗ್ಗಿಸಿದರ ಮನಿ ತಂಪು.
ಇಂಜಿನ್ ಓಡತಿತ್ತು. ಮುಳ್ಳು ಎರಡೂ
ನೂರಾ ನಲವತ್ತಕ್ಕ ನಿಂತಿದ್ದವು,
ಮಾತು ಬಿಟ್ಟವರಂಗ.

ಬ್ಯಾಟರಿಯಿಂದ ನೆಟ್ಟಗ ಒಂದು ವೈರು ತಂದು ಮುಟ್ಟಿಸಿದೆ.
ಟಕ್! ಕ್ಲಚ್ಚು ಹಿಡೀತು,
ನೀಲಿ ಮುಳ್ಳು ಇಳೀತು, ಕೆಂಪು ಏರ್ತು.
ಅಂದರ ಕಂಪ್ರೆಸರ್ ಸತ್ತಿಲ್ಲ,
ಅದಕ್ಕ ಹೇಳೂ ಮಾತು ನಡುವ ಎಲ್ಲೋ ನಿಂತೈತಿ.

ವೈರಿನ ಬೆನ್ನು ಹತ್ತಿದೆ.
ಕ್ಯಾಬಿನ್ ಎತ್ತಿಸಿ, ಚಾಸಿಯ ಮಗ್ಗಲದಾಗ ಮಲಕೊಂಡು,
ಬಟ್ಟಿಲೆ ಎಣ್ಣಿ ಒರಿಸಿಕೋತ, ಗೇಣು ಗೇಣು.
ಗೇರ್ ಬಾಕ್ಸಿನ ಮ್ಯಾಲ ಸಿಕ್ಕಿತು ಕರಿ ಟೇಪಿನ ಸುತ್ತು.
ಇಲಿ ಕಡದದ್ದಲ್ಲ. ಕಟರಿನ ಬಾಯಿ. ನೇರ, ಸಮ.
ತುದಿ ಎರಡೂ ಬ್ಯಾರೆ ಬ್ಯಾರೆ ಸುತ್ತಿದ್ದು, ಎಡಗೈ ಸುತ್ತು,
ಬಿಚ್ಚಬಾರದಂತ ಮ್ಯಾಲ ಬಿಳಿ ದಾರದ ಗಂಟು.

ಈ ಊರಾಗ ಟೇಪಿನ ಮ್ಯಾಲ ದಾರ ಕಟ್ಟಾಂವ ಒಬ್ಬನಽ.
ಎಡಚ. ಸಿಂದಗಿ ನಾಕಾದವ.

ನೆನಪಾತು. ಹೋದ ವರ್ಷ, ಮಳಿ ಹಿಡದ ದಿನ.
ನಾಲತವಾಡ ಸಾವಕಾರರು ಗಾಡಿ ಇಳೀದಽ ಅಂದರು:
'ಬಂದಗಿಸಾಬ, ತಂಪಿಗೆ ಡ್ರೈವರಗೋಳು ನಿದ್ದಿ ಹೊಡೀತಾವ,
ಡೀಜಲ್ ಬ್ಯಾರೆ ಕುಡೀತೈತಿ. ಕೆಟ್ಟೈತಿ ಅನ್ನೂಹಂಗ ಮಾಡು.'
ಮುನ್ನೂರು ಕೊಟ್ಟರು.
ಪತ್ರಾಸಿನ ಮ್ಯಾಲ ಮಳಿ ಬಡೀತಿತ್ತು,
ಬ್ಯಾಸಗಿ ಅನ್ನೂದು ಯಾರ ನೆನಪಿನಾಗೂ ಇರಲಿಲ್ಲ.
ಐದು ನಿಮಿಷದ ಕೆಲಸ. ಅಚ್ಚುಕಟ್ಟು ಮಾಡೀನಿ ಅಂತ
ಅವತ್ತು ಒಳಗೊಳಗ ಹಿಗ್ಗಿದ್ದೆ ಸೈತ.

'ಏನಾಗಿತ್ರಿ?' ಮ್ಯಾಲಿಂದ ಯಮನೂರಿ.
ಕೆಳಗಿಂದ ನನಗ ಅವನ ಚಪ್ಪಲಿ ಅಷ್ಟಽ ಕಾಣತಿದ್ದವು,
ಅಕ್ಸಲೇಟರ್ ಒತ್ತಿ ಒತ್ತಿ ಸವದ ಬಲಗಾಲಿಂದು.
'ವೈರ್ ಕಟ್ಟಾಗಿತ್ತು' ಅಂದೆ.
ಕಟ್ಟಾಗಿತ್ತು. ನಮ್ಮ ಮಾತಿನಾಗ ಇದೊಂದು ಅನುಕೂಲ,
ಮಾಡಿದವನ ಹೆಸರು ಹೇಳೂದು ಬೇಕಾಗೂದಿಲ್ಲ.

ಬೆಸುಗಿ ಹಾಕಿದೆ. ನಡುವ ಒಂದು ಸಣ್ಣ ಸ್ವಿಚ್ಚು,
ಡ್ಯಾಶ್‌ಬೋರ್ಡಿನ ಕೆಳಗ, ತಡವಿದರಷ್ಟಽ ಸಿಗೂಹಂಗ.
'ಸಾವಕಾರರು ಮಗ್ಗಲದಾಗ ಕುಂತಾಗ ಹಿಂಗ ಒತ್ತು, ಕೆಟ್ಟಿರತೈತಿ.
ನೀ ಒಬ್ಬನಽ ಇದ್ದಾಗ ಹಿಂಗ.'
ಅಂವ ನನ್ನ ಮಾರಿ ನೋಡಿದ, ಬಾಳ ಹೊತ್ತು.
ಡ್ರೈವರಗ ತಿರುವು ದೂರದಿಂದಽ ತಿಳೀತೈತಿ.
ಏನೂ ಕೇಳಲಿಲ್ಲ.

'ಎಷ್ಟ್ರಿ?' ಅಂದ ಕಡೀಗೆ.
ಮುನ್ನೂರು ಕಳೆದರ ಎಷ್ಟು ಉಳೀತೈತಿ ಅಂತ
ಲೆಕ್ಕ ಹಾಕಿಕೋತ ನಿಂತೆ.

ಗಾಡಿ ಹೋತು. ನಿಂತ ಜಾಗದಾಗ ಒಂದು ತಂಬಗಿ ನೀರು ಸೋರಿತ್ತು,
ನೆಲ ಅದನ್ನ ಕುಡದು ಮುಗಿಸಾಕ ಎರಡು ನಿಮಿಷ ಹತ್ತಲಿಲ್ಲ.
ಹಳೇ ಟೇಪಿನ ತುಂಡು ನನ್ನ ಹೆಬ್ಬೆರಳಿಗೆ ಅಂಟಿತ್ತು.
ಝಾಡಿಸಿದರ ತೋರುಬೆರಳಿಗೆ ಬಂತು,
ಅಲ್ಲಿಂದ ಬಿಡಿಸಿದರ ಮತ್ತ ಹೆಬ್ಬೆರಳಿಗೆ.